ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಕೇಳದವರು ಕನ್ನಡ ನಾಡಿನಲ್ಲಿ ಇರಲಾರರು. ಕಾಯಿಲೆ ಒಂದು ಕಡೆ, ಮದ್ದು ಇನ್ನೊಂದು ಕಡೆ ಎಂಬುದಕ್ಕೆ ಇಷ್ಟು ಚುರುಕಾದ ಮಾತು ನಮಗೆ ಉರ್ದುವಿನಲ್ಲಿಯೂ ಸಿಕ್ಕಿಲ್ಲ. ಗಾದೆ ಕಟ್ಟಿದವರು ನಗಿಸುವುದಕ್ಕೆಂದೇ ಕಟ್ಟಿರಬಹುದು. ಆದರೆ ಬರೆ ಹಾಕಿಸಿಕೊಂಡ ಎಮ್ಮೆಗೂ, ಜ್ವರದಲ್ಲೇ ಉಳಿದ ಎತ್ತಿಗೂ ಅದರಲ್ಲಿ ನಗುವಂಥದ್ದೇನೂ ಇಲ್ಲ. ಎರಡನ್ನೂ ಸಾಕಿದ ರೈತನಿಗಂತೂ ಇಲ್ಲವೇ ಇಲ್ಲ.

ಕಾರಿನ ಸ್ಟೇರಿಂಗ್ ನಡುಗುವುದು ಇಂಥ ಒಂದು ಜ್ವರ. ನಡುಕ ಗೊತ್ತಾಗುವುದು ನಮ್ಮ ಅಂಗೈಗೆ. ಹಾಗಾಗಿ ಕೈಗೆ ಸಿಕ್ಕಿದ ಸ್ಟೇರಿಂಗೇ ಕೆಟ್ಟಿದೆ ಎಂದು ಮನಸ್ಸು ತಕ್ಷಣ ತೀರ್ಮಾನಿಸಿಬಿಡುತ್ತದೆ. ಸ್ಟೇರಿಂಗ್ ಪಾಪ, ಸುದ್ದಿ ತಂದುಕೊಡುವ ಅಂಚೆಯವನು. ಕೆಟ್ಟಿರುವುದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕೆಳಗೆ, ಮಣ್ಣು ದೂಳು ಮೆತ್ತಿಕೊಂಡು ನೆಲದ ಹತ್ತಿರ ತಿರುಗುವ ಯಾವುದೋ ಒಂದು ಸಾಮಾನು. ಇದನ್ನು ನಮಗೆ ಬಿಡಿಸಿ ಹೇಳಿದವರು ಬಡವನಹಳ್ಳಿಯ ಒಬ್ಬ ಮೇಸ್ತ್ರಿ.

ಬಡವನಹಳ್ಳಿ ಮಧುಗಿರಿ ತಾಲ್ಲೂಕಿನ ಊರು. ಶಿರಾದಿಂದ ಮಧುಗಿರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಈ ದಾರಿ ಈಗ ಹೊನ್ನಾವರದಿಂದ ಚಿತ್ತೂರಿನ ಕಡೆಗೆ ಹೋಗುವ 69ನೇ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡು. ಮೊದಲು ಇದಕ್ಕೆ 234 ಎಂಬ ಸಂಖ್ಯೆ ಇತ್ತು. ಸಂಖ್ಯೆ ಬದಲಾದರೂ ದಾರಿಯ ಇಕ್ಕೆಲದ ಬದುಕು ಅದೇ. ಬಿತ್ತನೆಯ ಕಾಲದಲ್ಲಿ ಟ್ರ್ಯಾಕ್ಟರುಗಳು ಕಡಲೆಕಾಯಿ ಹೊಲದ ಕೆಂಪು ಮಣ್ಣನ್ನು ಚಕ್ರದಲ್ಲಿ ಹೊತ್ತು ತಂದು ರಸ್ತೆಗೆ ಉದುರಿಸುತ್ತವೆ. ಸುಗ್ಗಿ ಬಂತೆಂದರೆ ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರಡುತ್ತಾರೆ. ಹೋಗಿ ಬರುವ ವಾಹನಗಳೇ ರೋಣಗಲ್ಲು. ಹುರುಳಿಯ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹೊತ್ತಿಕೊಂಡ ಸುದ್ದಿಗಳನ್ನು ನಮ್ಮ ಕಡೆಯ ಪತ್ರಿಕೆ ಓದುವವರೆಲ್ಲ ಬಲ್ಲರು. ಇಂಥ ದಾರಿಯಲ್ಲಿ ಗ್ಯಾರೇಜು ಇಟ್ಟವರಿಗೆ ವಾಹನದ ಮೇಲುಭಾಗಕ್ಕಿಂತ ಕೆಳಭಾಗದ ಪರಿಚಯವೇ ಹೆಚ್ಚು.

ನಮ್ಮ ವಾಸ ಶಿರಾದಲ್ಲಿ. ಅಮ್ಮಿ ಇರುವುದು ಬಡವನಹಳ್ಳಿಯಲ್ಲಿ, ತಂಗಿಯ ಮನೆಯಲ್ಲಿ. ಅಮ್ಮಿಗೆ ಎಪ್ಪತ್ತು ದಾಟಿದೆ, ಬಹಳ ವರ್ಷಗಳಿಂದ ಉಬ್ಬಸವಿದೆ. ತಿಂಗಳಿಗೊಮ್ಮೆ ಅವರನ್ನು ತುಮಕೂರಿಗೆ ಕರೆದೊಯ್ಯಬೇಕು. ಅದಕ್ಕಾಗಿಯೇ ಸೆಕೆಂಡ್ ಹ್ಯಾಂಡಿನ ಒಂದು ಪುಟ್ಟ ಕಾರು ಕೊಂಡದ್ದು. ಅಮ್ಮಿಯನ್ನು ಕೂರಿಸಿಕೊಂಡು ಬಡವನಹಳ್ಳಿಯಿಂದ ಶಿರಾಕ್ಕೆ ಬಂದು, ಅಲ್ಲಿ 48ನೇ ಹೆದ್ದಾರಿ ಹತ್ತಿ ತುಮಕೂರಿಗೆ ಹೋಗುವುದು ನಮ್ಮ ರೂಢಿ. ಶಿರಾದಲ್ಲಿ ಕಾರಿಗೆ ಪೆಟ್ರೋಲು, ಅಮ್ಮಿಗೆ ಚಹಾ ಎರಡೂ ಆಗುತ್ತಿದ್ದವು.

2022ರ ಮಳೆಗಾಲದಲ್ಲಿ ನಮ್ಮ ಸೀಮೆಯ ಕೆರೆಗಳು ತುಂಬಿ ಕೋಡಿ ಬಿದ್ದವು. ವರ್ಷಗಟ್ಟಲೆ ಒಣಗಿದ್ದ ಕೆರೆಯಂಗಳಗಳಲ್ಲಿ ನೀರು ನೋಡುವುದೇ ಒಂದು ಹಬ್ಬವಾಗಿತ್ತು. ಆ ಮಳೆಯೆಲ್ಲ ಮುಗಿದು ಚಳಿ ಹಿಡಿದ ಮೇಲೆ ಕಾರಿನ ಸ್ಟೇರಿಂಗ್ ನಡುಗತೊಡಗಿತು. ಹಳ್ಳಿಯ ರಸ್ತೆಯಲ್ಲಿ ಏನೂ ಇಲ್ಲ. ಶಿರಾ ದಾಟಿ ಹೆದ್ದಾರಿಯಲ್ಲಿ ಮುಳ್ಳು ಎಪ್ಪತ್ತೈದು ಮುಟ್ಟಿತೋ, ಸ್ಟೇರಿಂಗಿನಲ್ಲಿ ಜುಮ್ಮೆನ್ನುವ ಕಂಪನ. ಎಂಬತ್ತೈದು, ತೊಂಬತ್ತರಲ್ಲಿ ಮಣಿಕಟ್ಟಿನವರೆಗೂ ನಡುಕ. ಪಕ್ಕದಲ್ಲಿ ಕಬ್ಬಿಣ ತುಂಬಿದ ಲಾರಿ, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ತಸ್ಬೀಹ್ ಎಣಿಸುತ್ತಿರುವ ತಾಯಿ. ಎದೆಯೂ ಜೊತೆಗೆ ನಡುಗುವುದರಲ್ಲಿ ಆಶ್ಚರ್ಯವೇನು?

ನಗರದ ಒಂದು ದೊಡ್ಡ ವರ್ಕ್‌ಶಾಪಿಗೆ ಕಾರು ಒಯ್ದೆವು. ಎಸಿ ಕೋಣೆ, ಕುಡಿಯಲು ಕಾಫಿ, ಕಂಪ್ಯೂಟರಿನ ಮುಂದೆ ಕುಳಿತ ವಿನಯವಂತ ಹುಡುಗ. ಸ್ಟೇರಿಂಗ್ ನಡುಗುತ್ತದೆ ಎಂದೆವು. ಆತ ಅದನ್ನೇ ಬೆರಳಚ್ಚು ಮಾಡಿಕೊಂಡ. ಸಂಜೆ ವ್ಹೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡರ ಬಿಲ್ಲು ಕೊಟ್ಟ. ಮರುದಿನ ಹೆದ್ದಾರಿಯಲ್ಲಿ ಕಾರು ಸಮಾಧಾನವಾಗಿತ್ತು. ವಾರ ಕಳೆಯುವುದರೊಳಗೆ ನಡುಕ ಮೊದಲಿಗಿಂತ ಜೋರಾಗಿ ಮರಳಿತು. ಎರಡನೆಯ ಸಲ ಹೋದಾಗ, ಸ್ಟೇರಿಂಗಿನ ರ‍್ಯಾಕ್ ಹೋಗಿದೆ, ಇಡಿಯಾಗಿ ಬದಲಾಯಿಸಬೇಕು, 26,000 ರೂಪಾಯಿ ಆಗುತ್ತದೆ ಎಂಬ ಚೀಟಿ ಕೈಗೆ ಬಂತು. ಅದು ನಮ್ಮ ಕಾರಿನ ಬೆಲೆಯ ಕಾಲು ಭಾಗ. ಮೂಗಿಗಿಂತ ಮೂಗುತಿ ಭಾರ. ಯೋಚಿಸಿ ಹೇಳುತ್ತೇವೆ ಎಂದು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಬಂದೆವು.

ಅದೇ ದಿನಗಳಲ್ಲಿ ಅಮ್ಮಿಯ ಕೈ ನಡುಗತೊಡಗಿತ್ತು. ಚಹಾದ ಕಪ್ಪು ಬಸಿಯಲ್ಲಿ ಕಿಣಿಕಿಣಿ ಸದ್ದು ಮಾಡುತ್ತಿತ್ತು. ಸೂಜಿಗೆ ದಾರ ಪೋಣಿಸುವುದನ್ನು ಮೊಮ್ಮಗಳಿಗೆ ಬಿಟ್ಟರು. ತಂಗಿ, ನಜರ್ ಆಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ನೆಂಟರ ಮದುವೆಯೊಂದರಲ್ಲಿ ಸಿಕ್ಕ ಒಬ್ಬ ವೈದ್ಯರು ಊಟದ ಎಲೆಯ ಆಚೆಯಿಂದಲೇ ಅಮ್ಮಿಯ ಕೈ ನೋಡಿ, ಇದು ಪಾರ್ಕಿನ್ಸನ್ಸ್ ಇದ್ದಂತಿದೆ, ಮಾತ್ರೆ ಶುರುಮಾಡಿಬಿಡಿ, ಆಮೇಲೆ ಬೆಂಗಳೂರಿಗೆ ತೋರಿಸಿ ಎಂದರು. ಆ ಹೆಸರು ಮನೆಯೊಳಗೆ ಬಂದ ದಿನದಿಂದ ಯಾರಿಗೂ ಊಟ ಸೇರದು. ಅಮ್ಮಿ ಮಾತ್ರ, ಅಲ್ಲಾ ಇಟ್ಟ ಹಾಗೆ ಆಗಲಿ ಎಂದು ನಡುಗುವ ಕೈಯಲ್ಲೇ ರೊಟ್ಟಿ ತಟ್ಟುತ್ತಿದ್ದರು. ಹೀಗೆ ಆ ಡಿಸೆಂಬರಿನಲ್ಲಿ ನಮ್ಮ ಪುಟ್ಟ ಕಾರಿನೊಳಗೆ ಎರಡು ನಡುಕಗಳು ಒಟ್ಟಿಗೆ ಪ್ರಯಾಣ ಮಾಡುತ್ತಿದ್ದವು.

ಬಡವನಹಳ್ಳಿಯ ಮೇಸ್ತ್ರಿಯ ಹತ್ತಿರ ನಮ್ಮನ್ನು ಕಳುಹಿಸಿದವರು ತಂಗಿಯ ಗಂಡ. ಮೇಸ್ತ್ರಿ ಆಚಾರ್ಯರ ಪೈಕಿ. ಅವರ ತಾತ ಎತ್ತಿನ ಗಾಡಿಯ ಚಕ್ರ ಕಟ್ಟುವುದರಲ್ಲಿ ಹೆಸರುವಾಸಿ. ಗಾಡಿಗಳ ಕಾಲ ಮುಗಿಯುತ್ತ ಬಂದಾಗ ಹನ್ನೆರಡು ವರ್ಷದ ಮೊಮ್ಮಗನನ್ನು ಶಿರಾದ ಒಬ್ಬ ಸಾಬರ ಗ್ಯಾರೇಜಿಗೆ ತಂದು ಬಿಟ್ಟರಂತೆ. ಅಲ್ಲಿ ಹತ್ತು ವರ್ಷ ದುಡಿದು ಕಲಿತವರಿಗೆ ಕೆಲಸದ ಮಾತೆಲ್ಲ ಉಸ್ತಾದರ ಮಾತು. ಸ್ಪ್ಯಾನರ್ ಎಂದರೆ ಪಾನಾ, ಸಡಿಲ ಎಂದರೆ ಢೀಲಾ, ಸ್ಕ್ರೂಡ್ರೈವರ್ ಎಂದರೆ ಪೇಚ್‌ಕಸ್. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಆಮೇಲೆ ಕನ್ನಡ ಶಾಲೆಗೆ ಸೇರಿದ ನಾವು ಅಚ್ಚಗನ್ನಡದ ಹುರುಪಿನಲ್ಲಿ ತಿರುಪುಳಿ ಎಂದಾಗ ಅವರು, 'ಏನಂದ್ರಿ ಸಾಬ್ರೆ?' ಎಂದು ಕಿವಿ ಮುಂದೆ ಮಾಡಿದರು. ಆಚಾರ್ಯರು ಉರ್ದು ಆಡುವುದು, ಸಾಬರು ಹಳಗನ್ನಡಕ್ಕೆ ಕೈ ಹಾಕುವುದು, ಇದು ಶಿರಾ ಸೀಮೆಯ ಮಣ್ಣಿನ ಗುಣ.

ಅವರು ಬಾನೆಟ್ ಎತ್ತಲಿಲ್ಲ, ಜಾಕಿಯನ್ನೂ ಕೇಳಲಿಲ್ಲ. ಬೀಡಿ ಹಚ್ಚಿ ಕಲ್ಲುಚಪ್ಪಡಿಯ ಮೇಲೆ ಕುಳಿತರು.

'ಯಾವಾಗ ಆಡ್ತೈತೆ?'

'ಓಡಿಸುವಾಗ.'

'ಓಡ್ಸುವಾಗ ಅಂದ್ರೆ ಆಗ್ಲಿಲ್ಲ. ನಿಂತಾಗ ಆಡ್ತೈತಾ?'

'ಇಲ್ಲ.'

'ಎಷ್ಟ್ರಾಗೆ ಶುರು?'

'ಎಪ್ಪತ್ತೈದರಲ್ಲಿ.'

'ನೂರು ದಾಟಿದ್ರೆ ಜಾಸ್ತಿನೋ ಕಮ್ಮಿನೋ?'

'ಒಮ್ಮೆ ತಮ್ಮ ಓಡಿಸಿದ್ದ. ಕಮ್ಮಿಯಾದಂತೆ ಆಯಿತು ಎಂದ.'

'ಬ್ರೇಕು ತುಳುದ್ರೆ?'

'ವ್ಯತ್ಯಾಸವಿಲ್ಲ.'

'ಎಕ್ಸಿಲೇಟರ್ ಬಿಟ್ಟು ಹಂಗೇ ಹೋಗಕ್ ಬಿಟ್ರೆ?'

'ಆಗಲೂ ನಡುಗುತ್ತದೆ.'

'ಗಾಡಿ ಒಂದ್ ಕಡೆ ಎಳೀತೈತಾ?'

'ಇಲ್ಲ.'

ಇಷ್ಟು ಕೇಳಿ ಅವರು ಬೀಡಿಯನ್ನು ನೆಲಕ್ಕೆ ಒತ್ತಿ, 'ಅಂಗಾರೆ ರ‍್ಯಾಕ್ ಅಲ್ಲ ಬಿಡಿ' ಎಂದರು. ಕಾರನ್ನು ಇನ್ನೂ ಮುಟ್ಟಿರಲಿಲ್ಲ.

ಆ ಪ್ರಶ್ನೆಗಳ ಬೆಲೆ ನಮಗೆ ಅರ್ಥವಾದದ್ದು ಆಮೇಲೆ, ಅವರು ಕೆಲಸ ಮಾಡುತ್ತಾ ಒಂದೊಂದನ್ನೇ ಬಿಡಿಸಿ ಹೇಳಿದಾಗ. ಓದುಗರಲ್ಲಿ ಕಾರು ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ. ಕಾರು ನಿಂತಲ್ಲೇ ನಡುಗಿದರೆ ಚಕ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಜಿನ್ನನ್ನು ಹಿಡಿದಿರುವ ರಬ್ಬರಿನ ಮೌಂಟಿಂಗ್ ಹರಿದಿರಬಹುದು, ಇಲ್ಲವೇ ಇಂಜಿನ್ ಸಮವಾಗಿ ಉರಿಯುತ್ತಿಲ್ಲ. ಇಪ್ಪತ್ತು, ಮೂವತ್ತರ ನಿಧಾನದಲ್ಲೇ ಸ್ಟೇರಿಂಗ್ ಎಡಕ್ಕೆ ಬಲಕ್ಕೆ ತೂಗಿದರೆ ಅದು ಭಯಪಡಬೇಕಾದ ಲಕ್ಷಣ. ಟೈರಿನೊಳಗಿನ ಪದರ ಬಿಟ್ಟಿರಬಹುದು, ಪಕ್ಕೆ ಉಬ್ಬಿರಬಹುದು, ರಿಮ್ಮು ಬಾಗಿರಬಹುದು, ಚಕ್ರದ ನಟ್ಟುಗಳೇ ಸಡಿಲವಾಗಿರಬಹುದು. ಅಂಥ ಕಾರನ್ನು ಅಲ್ಲೇ ನಿಲ್ಲಿಸಿ ನೋಡಬೇಕು, ಮನೆಗೆ ಹೋಗಿ ನೋಡೋಣ ಎನ್ನಬಾರದು. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ಮುಂದಿನ ಚಕ್ರದ ಡಿಸ್ಕು ಕಾರಣ. ಅದರ ದಪ್ಪದಲ್ಲಿ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನಷ್ಟು ಏರುಪೇರಾದರೂ ಸಾಕು, ಪ್ಯಾಡು ಅದನ್ನು ಹಿಡಿದಾಗಲೆಲ್ಲ ಕಾಲಿಗೂ ಕೈಗೂ ತಾಗುತ್ತದೆ. ಎಕ್ಸಿಲೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದಾಗ ನಿಂತರೆ ಇಂಜಿನ್ನಿನಿಂದ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟಿನ ಒಳಗಂಟನ್ನು ನೋಡಬೇಕು. ಒಂದು ಕಡೆಗೆ ಎಳೆದರೆ, ಟೈರು ಒಂದೇ ಅಂಚಿನಲ್ಲಿ ಸವೆದರೆ ಅದು ಅಲೈನ್‌ಮೆಂಟಿನ ಮಾತು. ಅಲೈನ್‌ಮೆಂಟ್ ಎಂದರೆ ಚಕ್ರಗಳು ನೋಡುವ ದಿಕ್ಕನ್ನು ಸರಿಮಾಡುವುದು. ಅದರಿಂದ ನಡುಕ ಹೋಗುವುದು ಅಪರೂಪ. ಎಪ್ಪತ್ತು, ಎಂಬತ್ತರ ಮೇಲೆ ಹುಟ್ಟಿ, ಒಂದು ವೇಗದಲ್ಲಿ ಹೆಚ್ಚಾಗಿ, ಅದನ್ನು ದಾಟಿದರೆ ಕಡಿಮೆಯಾಗುವ ನಡುಕ ಮಾತ್ರ ಚಕ್ರದ ತೂಕ ಏರುಪೇರಾದದ್ದರ ಗುರುತು. ನಮ್ಮದು ಅದು.

ತೂಕದ ಏರುಪೇರು ಎಂದರೆ ಏನು? ಚಕ್ರದ ಸುತ್ತ ತೂಕ ಸಮವಾಗಿ ಹಂಚಿಕೊಂಡಿರಬೇಕು. ಒಂದು ಕಡೆ ಸ್ವಲ್ಪ ಹೆಚ್ಚಿದರೂ ತಿರುಗುವಾಗ ಆ ಕಡೆ ಹೊರಕ್ಕೆ ಎಳೆಯುತ್ತದೆ. ಎಳೆತ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಮನೆಗೆ ಬಂದು ಲೆಕ್ಕ ಹಾಕಿದೆವು. ನಮ್ಮ ಕಾರಿನಂಥ ಪುಟ್ಟ ಕಾರಿನ 13 ಇಂಚಿನ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ಹೆಚ್ಚಿಗೆ ಇದ್ದರೆ, ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು ನಾಲ್ಕು ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಚಕ್ರ ಸೆಕೆಂಡಿಗೆ ಹದಿನಾಲ್ಕು ಹದಿನೈದು ಸುತ್ತು ಹಾಕುವುದರಿಂದ ಆ ಎಳೆತವೂ ಅಷ್ಟೇ ಸಲ ಮೇಲೆ ಕೆಳಗೆ, ಹಿಂದೆ ಮುಂದೆ ಬಡಿಯುತ್ತದೆ. 45ರ ವೇಗದಲ್ಲಿ ಅದೇ ತೂಕದ ಎಳೆತ ಒಂದು ಕಿಲೋ ಮಾತ್ರ, ಕೈಗೆ ಗೊತ್ತೇ ಆಗುವುದಿಲ್ಲ. ಆಚಾರ್ಯರ ತಾತ ಕಟ್ಟಿದ ಗಾಡಿ ಚಕ್ರವನ್ನು ಯಾರೂ ತೂಗಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಎತ್ತು ನಡೆಯುವುದು ಗಂಟೆಗೆ ನಾಲ್ಕು ಕಿಲೋಮೀಟರ್. ಅದೇ ಚಕ್ರ ಎಂಬತ್ತರಲ್ಲಿ ಓಡಿದ್ದರೆ ಅದರ ಲೋಪ ನಾನೂರು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು.

ಒಂದು ವೇಗದಲ್ಲಿ ನಡುಕ ಹೆಚ್ಚಿ, ದಾಟಿದರೆ ಇಳಿಯುವುದಕ್ಕೂ ಕಾರಣವಿದೆ. ಸ್ಪ್ರಿಂಗು, ಟೈರು, ಸ್ಟೇರಿಂಗಿನ ಸರಳುಗಳು ಸೇರಿ ತಮ್ಮದೇ ಆದ ಒಂದು ತಾಳಕ್ಕೆ ಅಲುಗುವ ಸ್ವಭಾವದವು. ಚಕ್ರದ ಬಡಿತ ಆ ತಾಳಕ್ಕೆ ಕೂಡಿದಾಗ ನಡುಕ ಉಯ್ಯಾಲೆಯ ಹಾಗೆ ಏರುತ್ತದೆ. ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳುವ ಪುಟ್ಟ ಕೈ ಸಾಕಲ್ಲವೇ?

ನಮ್ಮ ಸಂದೇಹ ಒಂದೇ. ಬ್ಯಾಲೆನ್ಸಿಂಗ್ ಆಗಲೇ ಮಾಡಿಸಿದ್ದೇವಲ್ಲ? ಬಿಲ್ಲು ತೋರಿಸಿದೆವು. ಮೇಸ್ತ್ರಿ ಬಿಲ್ಲು ಓದಲಿಲ್ಲ. ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೂ, ಹಿಂದಿನವನ್ನು ಮುಂದಕ್ಕೂ ಹಾಕಲು ತಮ್ಮ ಕೆಲಸದ ಹುಡುಗನಿಗೆ ಹೇಳಿದರು. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಲು ಅವನಿಗೆ ಎರಡು ಸಲ ಎಚ್ಚರಿಸಿದರು. ಆಮೇಲೆ ತಾವೇ ಓಡಿಸಿದರು, ನಾವು ಪಕ್ಕದಲ್ಲಿ. ರಸ್ತೆ ಖಾಲಿಯಿದ್ದ ಕಡೆ ಮುಳ್ಳು ಎಂಬತ್ತೈದಕ್ಕೆ ಹೋಯಿತು. ಸ್ಟೇರಿಂಗ್ ಮುಕ್ಕಾಲು ಪಾಲು ಶಾಂತ. ಆದರೆ ನಾವು ಕುಳಿತ ಸೀಟಿನ ಅಡಿಯಲ್ಲಿ ಝುಂ ಎಂಬ ಕಂಪನ. 'ಕಾಯ್ಲೆ ಹಿಂದಿನ್ ಸೀಟಿಗೆ ಹೋಯ್ತು ನೋಡಿ' ಎಂದು ನಕ್ಕರು. ಸ್ಟೇರಿಂಗಿನ ರ‍್ಯಾಕ್ ಕೆಟ್ಟಿದ್ದರೆ ಅದು ಮುಂದೆಯೇ ಇರಬೇಕಿತ್ತು. ಚಕ್ರದ ಜೊತೆ ಹಿಂದಕ್ಕೆ ಹೋದದ್ದರಿಂದ ಕಾಯಿಲೆ ಚಕ್ರದ್ದು. ಒಂದು ಜಾಕಿ, ಒಂದು ಪಾನಾ, ಅರ್ಧ ಗಂಟೆ. 26,000 ರೂಪಾಯಿಯ ಚೀಟಿ ನಮ್ಮ ಜೇಬಿನಲ್ಲಿ ಅಲ್ಲೇ ಸುಳ್ಳಾಯಿತು.

ಗ್ಯಾರೇಜಿಗೆ ಮರಳಿ ಆ ಎರಡು ಚಕ್ರಗಳನ್ನು ಬಿಚ್ಚಿ ನೆಲಕ್ಕೆ ಮಲಗಿಸಿದರು. ಹೊರಮುಖದಲ್ಲಿ ಏನೂ ಇಲ್ಲ. ಮಗುಚಿ ಹಾಕಿ ರಿಮ್ಮಿನ ಒಳಬಟ್ಟಲಿಗೆ ಕೈ ಹಾಕಿದರು. ಒಂದರ ಒಳಗೆ ಒಣಗಿದ ಮಣ್ಣು, ಸಿಮೆಂಟಿನ ಹಾಗೆ ಗಟ್ಟಿಯಾಗಿ ಅರ್ಧ ಸುತ್ತು ಮೆತ್ತಿಕೊಂಡಿತ್ತು. ನಡುವೆ ನಿಂಬೆಹಣ್ಣಿನಷ್ಟು ಜಾಗ ಮಾತ್ರ ಖಾಲಿ, ಇತ್ತೀಚೆಗೆ ಕಳಚಿ ಬಿದ್ದ ಗುರುತು. ಕೋಡಿ ಬಿದ್ದ ಕೆರೆಗಳ ಕೆಸರು ಅದು. ವರ್ಕ್‌ಶಾಪಿನವರು ಮಣ್ಣು ತೆಗೆಯದೆಯೇ ಚಕ್ರವನ್ನು ಯಂತ್ರಕ್ಕೆ ಏರಿಸಿ, ಮಣ್ಣನ್ನೂ ಸೇರಿಸಿಕೊಂಡು ಲೆಕ್ಕ ಸರಿಮಾಡಿ ತೂಕದ ತುಂಡುಗಳನ್ನು ಬಡಿದಿದ್ದರು. ಯಂತ್ರ ಸುಳ್ಳು ಹೇಳಿರಲಿಲ್ಲ. ಅಂದಿಗೆ ಆ ಲೆಕ್ಕ ಸರಿಯೇ ಇತ್ತು, ಕಾರು ಸಮಾಧಾನವಾಗಿಯೇ ಓಡಿತು. ಆಮೇಲೆ ಒಂದು ಹೆಂಟೆ ಕಳಚಿ ಬಿದ್ದೊಡನೆ ಲೆಕ್ಕ ತಲೆಕೆಳಗಾಯಿತು. ಯಂತ್ರಕ್ಕೆ ತೂಕ ಗೊತ್ತು, ಅದು ಕಬ್ಬಿಣದ್ದೋ ಕೆರೆಯದ್ದೋ ಎಂಬುದು ಗೊತ್ತಿಲ್ಲ. ಅದನ್ನು ನೋಡಲು ಒಂದು ಕೈ ಬೇಕು.

ಹುಡುಗ ಉಳಿಯಿಂದ ಮಣ್ಣು ಕೆರೆಯುತ್ತಿದ್ದಾಗ ನಮಗೆ ನಿರಾಳವಾಗಿ ನಗು ಬಂತು. ಮೇಸ್ತ್ರಿ ನಗಲಿಲ್ಲ. ಜಾಕಿಯ ಮೇಲೆ ನಿಂತಿದ್ದ ಕಾರಿನ ಮುಂದಿನ ಎಡಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಅಲುಗಾಟವಿಲ್ಲ. ಎಡಕ್ಕೂ ಬಲಕ್ಕೂ ಹಿಡಿದು ಅಲುಗಿಸಿದರು. ಟಕ್ ಎಂಬ ಸಣ್ಣ ಸದ್ದು. 'ಕೈ ಇಡಿ ಸಾಬ್ರೆ' ಎಂದು ನಮ್ಮ ಬೆರಳುಗಳನ್ನು ಚಕ್ರದ ಹಿಂದಿನ ಒಂದು ಕೀಲಿನ ಮೇಲೆ ಇರಿಸಿ, ಹುಡುಗನಿಂದ ಮತ್ತೆ ಅಲುಗಿಸಿದರು. ಕೀಲಿನೊಳಗಿನ ಗುಂಡು ತನ್ನ ಗೂಡಿನಲ್ಲಿ ಹೊರಳುವುದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಟೈ ರಾಡ್ ಎಂಡ್ ಎನ್ನುತ್ತಾರೆ. ಸ್ಟೇರಿಂಗ್ ತಿರುಗಿಸಿದರೆ ಚಕ್ರಕ್ಕೆ ಆ ಮಾತು ಮುಟ್ಟಿಸುವ ಕೊನೆಯ ಕೊಂಡಿ ಅದು. ಮೇಲಿನ ರಬ್ಬರಿನ ಟೋಪಿ ಹರಿದು, ಗ್ರೀಸು ಹೋಗಿ, ನೀರು ಮಣ್ಣು ಸೇರಿ ಸವೆದಿತ್ತು. 'ಮಣ್ಣು ಬರೀ ನಡುಗ್ಸೋದು. ಇದು ಬಿಟ್ಟೋಯ್ತು ಅಂದ್ರೆ ಚಕ್ರ ನಿಮ್ ಮಾತು ಕೇಳಲ್ಲ' ಎಂದರು.

ನಮ್ಮ ಬೆನ್ನಿನಲ್ಲಿ ಬೆವರು ಮೂಡಿದ್ದು ಆಗ. ಸದ್ದು ಮಾಡಿ ನಮ್ಮನ್ನು ಹೆದರಿಸಿದ್ದು ಒಂದು ಹೆಂಟೆ ಮಣ್ಣು, ಅದರಿಂದ ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ. ಜೀವ ತೆಗೆಯಬಹುದಾಗಿದ್ದ ಕೀಲು ಸುಮ್ಮನೆ ಕುಳಿತಿತ್ತು. ಅದರ ಸಡಿಲಿಕೆ ಚಕ್ರದ ನಡುಕವನ್ನು ಇನ್ನಷ್ಟು ಹೆಚ್ಚಿಸಿ ಕೈಗೆ ಮುಟ್ಟಿಸಿದ್ದಷ್ಟೇ ಅದರ ಪಾತ್ರ. ಮಣ್ಣು ನಡುಗಿಸದೆ ಹೋಗಿದ್ದರೆ ಆ ಕೀಲನ್ನು ಯಾರು ಮುಟ್ಟಿ ನೋಡುತ್ತಿದ್ದರು? ಅಮ್ಮಿಯನ್ನು ಕೂರಿಸಿಕೊಂಡು ಅದೇ ಕೀಲಿನ ಮೇಲೆ ನಂಬಿಕೆಯಿಟ್ಟು ತಿಂಗಳುಗಟ್ಟಲೆ ತುಮಕೂರಿಗೆ ಓಡಾಡುತ್ತಿದ್ದೆವು. 26,000 ಕೊಟ್ಟು ರ‍್ಯಾಕ್ ಬದಲಾಯಿಸಿದ್ದರೂ ಮಣ್ಣು ರಿಮ್ಮಿನಲ್ಲೇ ಇರುತ್ತಿತ್ತು, ನಡುಕ ಉಳಿಯುತ್ತಿತ್ತು.

ಸಂಜೆಯೊಳಗೆ ಎರಡೂ ಕಡೆಯ ಕೀಲು ಹೊಸದಾಯಿತು. ಒಂದು ಸವೆದಿದ್ದರೆ ಅದೇ ವಯಸ್ಸಿನ ಇನ್ನೊಂದನ್ನು ಉಳಿಸಬಾರದು ಎಂಬುದು ಮೇಸ್ತ್ರಿಯ ನಿಯಮ. ತೊಳೆದ ಚಕ್ರಗಳಿಗೆ ಶಿರಾದಲ್ಲಿ ಮತ್ತೆ ಬ್ಯಾಲೆನ್ಸಿಂಗ್, ಕೀಲು ಬದಲಾಯಿಸಿದ್ದರಿಂದ ಅಲೈನ್‌ಮೆಂಟ್ ಮಾಡಿಸಿದೆವು. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಒಮ್ಮೆ ಬಿಗಿದು ನೋಡಿ ಎಂದಿದ್ದರು, ನೋಡಿದೆವು. ಸಾಮಾನಿನ ದುಡ್ಡು ಬಿಟ್ಟು ಮೇಸ್ತ್ರಿ ಕೂಲಿಯೆಂದು ಕೇಳಿದ್ದು ಐನೂರು ರೂಪಾಯಿ. ನಾವು ಸಾವಿರ ಕೊಟ್ಟರೆ, ಉಸ್ತಾದರು ಹೆಚ್ಚಿಗೆ ತೆಗೆದುಕೊಂಡರೆ ಬೈಯುತ್ತಿದ್ದರು ಎಂದು ಉಳಿದದ್ದನ್ನು ಹಿಂದಿರುಗಿಸಿದರು. ಉಸ್ತಾದರು ತೀರಿಕೊಂಡು ಎಷ್ಟೋ ವರ್ಷವಾಗಿದೆ.

ಅಂದು ಸಂಜೆ ಚಹಾ ಕುಡಿಯುತ್ತಾ ಅವರು ಜೀಪುಗಳ ಕಾಲದ ಕತೆ ಹೇಳಿದರು. ಹಳೆಯ ಜೀಪಿನ ಮುಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಅಚ್ಚಿಗೆ ಸೇರಿದ್ದವು. ಚಕ್ರ ತಿರುಗಿಕೊಳ್ಳುವ ಕಿಂಗ್ ಪಿನ್ನು ಸವೆದರೆ ಒಂದು ಹಳ್ಳಕ್ಕೆ ಇಳಿದೊಡನೆ ಎರಡೂ ಚಕ್ರಗಳು ಹುಚ್ಚು ಹಿಡಿದಂತೆ ಒದರಾಡುತ್ತಿದ್ದವು. ಹೆಬ್ಬೆರಳನ್ನು ಸ್ಟೇರಿಂಗಿನ ಒಳಗೆ ಸಿಕ್ಕಿಸಿ ಹಿಡಿಯಬೇಡ, ಮುರಿದೀತು ಎಂಬುದು ಉಸ್ತಾದರ ಮೊದಲ ಪಾಠವಂತೆ. ಈ ಒದರಾಟ ಜೀಪಿನದ್ದು ಮಾತ್ರವಲ್ಲ. ಗಟ್ಟಿ ಅಚ್ಚಿನ ಕಾಲದಲ್ಲಿ ಜಗತ್ತಿನ ಕಾರುಗಳೆಲ್ಲ ಇದರಿಂದ ನರಳಿದವು. ಅಮೆರಿಕದ ಜನರಲ್ ಮೋಟಾರ್ಸ್ 1934ರ ತನ್ನ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಬೇರೆ ಬೇರೆ ತೂಗುವ ವ್ಯವಸ್ಥೆ ತಂದದ್ದರ ಹಿಂದೆ ಈ ನಡುಕವನ್ನು ಕಳೆಯುವ ಉದ್ದೇಶವೂ ಇತ್ತು. ಡೆಟ್ರಾಯಿಟಿನ ಇಂಜಿನಿಯರುಗಳನ್ನು ಕಾಡಿದ ಪ್ರಶ್ನೆಯೇ ಶಿರಾದ ಉಸ್ತಾದರನ್ನೂ ಕಾಡಿತ್ತು. ಅವರು ಕಾಗದದಲ್ಲಿ ಉತ್ತರ ಬರೆದರು, ಇವರು ಚೇಲನ ಬೆರಳಿಗೆ ಕಲಿಸಿದರು.

ಮುಂದಿನ ವಾರ ಅಮ್ಮಿಯನ್ನು ತುಮಕೂರಿಗೆ ಕರೆದೊಯ್ದೆವು. ಕಾರು ತೊಂಬತ್ತರಲ್ಲೂ ನೀರಿನ ಮೇಲೆ ತೇಲಿದಂತೆ ಹೋಯಿತು. ಅಲ್ಲಿ ಹೊಸದಾಗಿ ಬಂದಿದ್ದ ವೈದ್ಯರೊಬ್ಬರಿಗೆ ಕೈ ತೋರಿಸಿದೆವು. ಅವರು ಕೇಳಿದ ಮೊದಲ ಪ್ರಶ್ನೆ ನಮ್ಮನ್ನು ಬೆಚ್ಚಿಬೀಳಿಸಿತು.

'ಯಾವಾಗ ನಡುಗುತ್ತೆ ಅಮ್ಮಾ? ಕೈ ತೊಡೆ ಮೇಲೆ ಸುಮ್ಮನೆ ಇದ್ದಾಗಲೋ, ಏನಾದರೂ ಎತ್ತುವಾಗಲೋ?'

ಎತ್ತುವಾಗ ಎಂದರು ಅಮ್ಮಿ. ಒಂದು ಕೈಯೋ ಎರಡೂವೋ? ಎರಡೂ. ಯಾವಾಗಿನಿಂದ? ಯಾವ ಯಾವ ಮಾತ್ರೆ ನುಂಗುತ್ತೀರಿ? ಅಮ್ಮಿ ಸೆರಗಿನ ಗಂಟಿನಿಂದ ಮಾತ್ರೆಯ ಹಾಳೆಗಳನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟರು. ಚಳಿಗೆ ದಮ್ಮು ಹೆಚ್ಚಾದಾಗ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಲಾಗಿತ್ತು. ನಡುಕ ಶುರುವಾದದ್ದೂ ಅದೇ ಹೊತ್ತಿಗೆ. ವೈದ್ಯರು ನಮಗೆ ಅರ್ಥವಾಗುವಂತೆ ವಿವರಿಸಿದರು. ಪಾರ್ಕಿನ್ಸನ್ಸ್‌ನ ನಡುಕ ಸಾಮಾನ್ಯವಾಗಿ ಒಂದು ಬದಿಯಿಂದ ಶುರುವಾಗಿ, ಕೈ ಸುಮ್ಮನಿದ್ದಾಗ ಹೆಚ್ಚು ಕಾಣುತ್ತದೆ. ಜೊತೆಗೆ ನಡಿಗೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ. ಉಬ್ಬಸಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಕೈ ನಡುಗುವುದುಂಟು, ಥೈರಾಯ್ಡ್ ಹೆಚ್ಚಾದರೂ ನಡುಗುವುದುಂಟು. ಮೊದಲು ಇವೆರಡನ್ನು ನೋಡೋಣ ಎಂದರು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು. ಮಾತ್ರೆ ನಿಲ್ಲಿಸಿ ಇನ್‌ಹೇಲರ್ ಕೊಟ್ಟು, ಅದನ್ನು ಹೇಗೆ ಎಳೆದುಕೊಳ್ಳಬೇಕೆಂದು ಅಮ್ಮಿಯಿಂದಲೇ ಮಾಡಿಸಿ ನೋಡಿದರು. ಮೂರು ವಾರದಲ್ಲಿ ಬಸಿಯ ಸದ್ದು ನಿಂತಿತು. ಸೂಜಿಗೆ ದಾರ ಈಗಲೂ ಮೊಮ್ಮಗಳೇ ಪೋಣಿಸುವುದು. ಅದು ವಯಸ್ಸಿನದ್ದು, ಅದಕ್ಕೆ ಮದ್ದು ಬೇಡ ಎಂದರು ವೈದ್ಯರು. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ಕೇಳಬೇಕಾದವರನ್ನು ಕೇಳಬೇಕು, ನುಂಗುವ ಮಾತ್ರೆಗಳನ್ನೆಲ್ಲ ಒಯ್ದು ತೋರಿಸಬೇಕು.

ಕಾರು ಬೇರೆ, ಮನುಷ್ಯನ ಮೈ ಬೇರೆ. ಚಕ್ರ ಬದಲಿಸಿ ನೋಡಿದ ಹಾಗೆ ತಾಯಿಯ ಕೈ ಬದಲಿಸಿ ನೋಡಲಾಗದು. ಆದರೂ ಆ ಇಬ್ಬರು ಮಾಡಿದ ಕೆಲಸ ಒಂದೇ. ಲಕ್ಷಣ ಕಂಡ ಜಾಗಕ್ಕೆ ತಕ್ಷಣ ಕೈ ಹಾಕಲಿಲ್ಲ. ಯಾವಾಗ ಎಂದು ಕೇಳಿದರು. ಉತ್ತರಕ್ಕೆ ಕಾದರು. ಸುಲಭವಾದದ್ದನ್ನು, ಖರ್ಚಿಲ್ಲದ್ದನ್ನು ಮೊದಲು ನೋಡಿದರು.

ಹಾಗಾದರೆ ಉಳಿದವರು ಏಕೆ ಕೇಳುವುದಿಲ್ಲ? ವರ್ಕ್‌ಶಾಪಿನ ಆ ವಿನಯವಂತ ಹುಡುಗನನ್ನು ದೂರಿ ಏನು ಫಲ? ಕೇಳುವುದಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ಬಿಲ್ಲಿನಲ್ಲಿ ಸಾಲು ಇಲ್ಲ. ಹೊಸ ಸಾಮಾನಿಗೆ ಇದೆ. ಮದುವೆಯೂಟದ ವೈದ್ಯರಿಗೂ ಕೇಳಲು ಹೊತ್ತಿರಲಿಲ್ಲ. ತಪ್ಪು ಅವರದ್ದು ಮಾತ್ರವೂ ಅಲ್ಲ. ಸಾಮಾನು ಕೊಟ್ಟರೆ ನಾವು ಸಾವಿರಗಟ್ಟಲೆ ಎಣಿಸುತ್ತೇವೆ. ಏನೂ ಕೆಟ್ಟಿಲ್ಲ, ಬರೀ ಮಣ್ಣು ಎಂದು ಹೇಳಿದವರಿಗೆ ನೂರು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಏನನ್ನು ಬದಲಾಯಿಸಬೇಕಾಗಿಲ್ಲ ಎಂದು ತಿಳಿದಿರುವುದೇ ಒಂದು ವಿದ್ಯೆ, ಅದಕ್ಕೂ ಒಂದು ಕೂಲಿ ಇರಬೇಕು ಎಂದು ನಮ್ಮ ಸಮಾಜ ಇನ್ನೂ ಒಪ್ಪಿಕೊಂಡಿಲ್ಲ. ಒಪ್ಪದಿದ್ದರೆ ಆ ವಿದ್ಯೆ ಮೇಸ್ತ್ರಿಯ ಜೊತೆಗೇ ಮುಗಿದುಹೋದೀತು. ವಿದ್ಯುತ್ತಿನ ಕಾರು ಬಂದರೂ ಅದಕ್ಕೂ ನಾಲ್ಕು ಚಕ್ರ ಇರುತ್ತವೆ, ಕೆರೆಯ ಮಣ್ಣೂ ಇರುತ್ತದೆ.

ಕಳೆದ ಸುಗ್ಗಿಯಲ್ಲಿ ಟೈರಿನ ಗಾಳಿ ನೋಡಿಸಲು ಬಡವನಹಳ್ಳಿಯ ಆ ಗ್ಯಾರೇಜಿನ ಮುಂದೆ ನಿಲ್ಲಿಸಿದೆವು. ಮೇಸ್ತ್ರಿ ಮಧುಗಿರಿಗೆ ಸಾಮಾನು ತರಲು ಹೋಗಿದ್ದರು. ಅಂದು ಮಣ್ಣು ಕೆರೆದಿದ್ದ ಹುಡುಗನಿಗೆ ಈಗ ಮೀಸೆ ಚಿಗುರಿದೆ. ಯಾರೋ ಅಪರಿಚಿತರು ದೊಡ್ಡ ಕಾರು ನಿಲ್ಲಿಸಿ, ಸ್ಟೇರಿಂಗ್ ಆಡುತ್ತದೆ, ಬೇಗ ನೋಡಪ್ಪ, ಹೊತ್ತಾಯಿತು ಎಂದು ಅವಸರಿಸುತ್ತಿದ್ದರು. ಹುಡುಗ ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡ.

'ಯಾವಾಗ ಆಡ್ತೈತೆ ಸಾರ್?' ಎಂದು ಕೇಳಿದ.